ಮಲವನ್ನು ಕಳೆಯುವ ಕಾಯಕ



ಹನ್ನೆರಡನೆಯ ಶತಮಾನದ ಶಿವಶರಣರು ತತ್ತ್ವವನ್ನು ಅರಸಲು ಕಾಯಕವನ್ನು ಬಿಟ್ಟು ಅರಣ್ಯಕ್ಕೆ ಹೋಗಲಿಲ್ಲ. ಅಂಬಿಗರ ಚೌಡಯ್ಯನವರು ದೋಣಿಯ ಮೇಲೆ, ಮಡಿವಾಳ ಮಾಚಿದೇವರು ಬಟ್ಟೆಯ ಮಡಿಯಲ್ಲಿ, ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತಲೇ ಶಿವಪಥವನ್ನು ಕಂಡವರು. ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಯಂತ್ರ ದುರಸ್ತಿಯನ್ನು ಕಲಿಸಿ ನಿವೃತ್ತನಾದ ನಾನು, ಶ್ರೀಮಠದ ಅನುಭಾವ ಗೋಷ್ಠಿಯಲ್ಲಿ ಮಲತ್ರಯದ ವಿಚಾರ ಬಂದಾಗಲೆಲ್ಲ ನನ್ನ ಕಾಯಕದ ಪರಿಭಾಷೆಯಲ್ಲಿಯೇ ಅದನ್ನು ಅರ್ಥ ಮಾಡಿಕೊಳ್ಳಲು ಯತ್ನಿಸುತ್ತೇನೆ.

ಆಣವ, ಮಾಯಾ, ಕಾರ್ಮಿಕ ಎಂಬ ಮೂರು ಮಲಗಳು ಅಂಗವನ್ನು ಮುಸುಕಿವೆ. ಶ್ರೀಗುರುವು ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳಿಂದ ಇವನ್ನು ಕಳೆಯುತ್ತಾನೆ ಎಂಬುದು ನಮ್ಮ ಸಿದ್ಧಾಂತ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಗುರುವು ಕಳೆಯುವುದು ಮಲವನ್ನೇ ಹೊರತು ಅಂಗವನ್ನಲ್ಲ. ಅಂಗವು ಉಳಿಯಬೇಕು, ಶುದ್ಧವಾಗಬೇಕು, ಲಿಂಗದೊಡನೆ ಸಮರಸವಾಗಬೇಕು. ಈ ಸೂಕ್ಷ್ಮವು ನನಗೆ ಮನದಟ್ಟಾದುದು ಒಂದು ಹಳೆಯ ಎಂಜಿನ್ನಿನ ಮುಂದೆ ಕುಳಿತಾಗ.

ನಮ್ಮ ತಂದೆಯವರು ಮೈಸೂರಿನಲ್ಲಿ ತಯಾರಾದ ಯೆಜ್ಡಿ ಮೋಟಾರ್ ಸೈಕಲ್ಲನ್ನು ಬಹುಕಾಲ ಓಡಿಸಿದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಆರಂಭವಾದ ತಯಾರಿಕೆ 1996ರಲ್ಲಿ ನಿಂತುಹೋಯಿತು. ಯೆಜ್ಡಿ ಎಂಬ ಹೆಸರು 2022ರಲ್ಲಿ ಹೊಸ ವಾಹನಗಳೊಡನೆ ಮರಳಿ ಬಂದಿತಾದರೂ ಅವುಗಳ ಎಂಜಿನ್ ಬೇರೆಯೇ. ಆದ್ದರಿಂದ ಹಳೆಯ ಗಾಡಿಯ ಎಂಜಿನ್ ಕವಚ ಒಡೆದರೆ ಅದಕ್ಕೆ ಸಮನಾದುದನ್ನು ಹುಡುಕಿ ತರುವುದು ಸುಲಭವಲ್ಲ. ತಂದೆಯವರು ಲಿಂಗೈಕ್ಯರಾದ ಮೇಲೆ ಆ ಗಾಡಿ ಕೊಟ್ಟಿಗೆಯ ಮೂಲೆಯಲ್ಲಿ ಮಳೆಗಾಲದ ತೇವವನ್ನು ಕುಡಿಯುತ್ತ ನಿಂತಿತ್ತು. ಅದೇ ಅವಧಿಯಲ್ಲಿ, ಆಸ್ತಿಯ ಪಾಲಿನ ತರುವಾಯ, ನನಗೂ ನನ್ನ ತಮ್ಮನಿಗೂ ಆರು ವರ್ಷ ಮಾತಿರಲಿಲ್ಲ. ಪಾಲಾಗದೆ ಉಳಿದಿದ್ದ ವಸ್ತು ಅದೊಂದೇ. ಅದು ಮತ್ತೊಮ್ಮೆ ಓಡುವುದನ್ನು ಕಾಣಬೇಕೆಂದು ನಮ್ಮ ತಾಯಿಯವರು ಅಪೇಕ್ಷಿಸಿದರು.

ಎಂಜಿನ್ನಿನ ಕೆಳಗಿನ ಕವಚ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದರ ಮೇಲೆ ಸಿಲಿಂಡರನ್ನು ಬಿಗಿದು ಹಿಡಿಯಲು ಉಕ್ಕಿನ ಸ್ಟಡ್ಡುಗಳಿರುತ್ತವೆ. ಸ್ಟಡ್ಡೆಂದರೆ ತಲೆಯಿಲ್ಲದ, ಎರಡು ತುದಿಗೂ ಥ್ರೆಡ್ ಇರುವ ಬೋಲ್ಟು. ಒಂದು ತುದಿ ಕವಚದೊಳಗೆ ಹುದುಗಿದ್ದರೆ ಇನ್ನೊಂದು ತುದಿಗೆ ನಟ್ಟು ಬೀಳುತ್ತದೆ. ತುಕ್ಕು ತಿಂದು ಅವುಗಳ ನಡು ಸಣ್ಣಗಾಗಿದ್ದುದರಿಂದ ಹಳೆಯವನ್ನು ತೆಗೆದು ಹೊಸವನ್ನು ಕೂರಿಸಬೇಕಾಗಿತ್ತು. ಅವು ಕದಲಲೇ ಇಲ್ಲ.

ಏಕೆ ಕದಲುವುದಿಲ್ಲ? ಉಕ್ಕು ಮತ್ತು ಅಲ್ಯೂಮಿನಿಯಂ ಎಂಬ ಎರಡು ಭಿನ್ನ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದು, ನಡುವೆ ತೇವ ಸೇರಿದರೆ ಅಲ್ಲಿ ಅತಿ ಸಣ್ಣ ವಿದ್ಯುತ್ ಕೋಶವೊಂದು ಉಂಟಾಗುತ್ತದೆ. ಆಗ ಅಲ್ಯೂಮಿನಿಯಂ ನಿಧಾನವಾಗಿ ಸವೆದು ಬಿಳಿಯ ಪುಡಿಯಾಗುತ್ತದೆ. ಈ ಪುಡಿಯು ತಾನು ಹುಟ್ಟಿದ ಲೋಹಕ್ಕಿಂತ ಹೆಚ್ಚಿನ ಜಾಗವನ್ನು ಬೇಡುವುದರಿಂದ ಥ್ರೆಡ್ಡಿನ ಸಂದುಗಳಲ್ಲಿ ಒತ್ತಿ ತುಂಬಿಕೊಂಡು ಎರಡನ್ನೂ ಬಂಧಿಸುತ್ತದೆ. ಹಿಡಿದಿರುವುದು ಸ್ಟಡ್ಡೂ ಅಲ್ಲ, ಕವಚವೂ ಅಲ್ಲ. ಅಲಕ್ಷ್ಯದ ವರ್ಷಗಳಲ್ಲಿ ಎರಡರ ನಡುವೆ ಬೆಳೆದ ಮೂರನೆಯದು. ಅದನ್ನು ಮಲವೆಂದು ಕರೆಯದೆ ಬೇರೇನೆಂದು ಕರೆಯೋಣ?

ಇದನ್ನರಿಯದವನು ಬಲವನ್ನು ಪ್ರಯೋಗಿಸುತ್ತಾನೆ. ಆಗ ಸ್ಟಡ್ಡು ಮುರಿಯುತ್ತದೆ, ಇಲ್ಲವೆ ಕವಚದ ಥ್ರೆಡ್ಡು ಕಿತ್ತು ಬರುತ್ತದೆ. ಅರಿತವನು ಮೊದಲು ತಂತಿಯ ಬ್ರಷ್ಷಿನಿಂದ ಬುಡವನ್ನು ಶುಚಿ ಮಾಡಿ, ಸಂದಿನಲ್ಲಿ ಇಳಿಯುವ ತೆಳು ಎಣ್ಣೆಯನ್ನು ಬಿಟ್ಟು ರಾತ್ರಿಯಿಡೀ ಕಾಯುತ್ತಾನೆ. ಸಣ್ಣ ಸುತ್ತಿಗೆಯಿಂದ ಸ್ಟಡ್ಡಿನ ತುದಿಯನ್ನು ಮೆಲ್ಲನೆ ತಟ್ಟುತ್ತಾನೆ; ಆ ಕಂಪನದಿಂದ ಪುಡಿ ಸಡಿಲಾಗಿ ಎಣ್ಣೆಗೆ ದಾರಿಯಾಗುತ್ತದೆ. ಎರಡು ಮೂರು ದಿನ ಇದೇ ಸೇವೆ. ಬಳಿಕ ಎಣ್ಣೆಯನ್ನೆಲ್ಲ ಒರೆಸಿ ಒಣಗಿಸಿ, ಕವಚಕ್ಕೆ ಶಾಖವನ್ನು ಕೊಡುತ್ತಾನೆ.

ಶಾಖ ಕೊಡುವುದು ಸ್ಟಡ್ಡಿಗಲ್ಲ, ಅದರ ಸುತ್ತಲಿನ ಕವಚಕ್ಕೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 8 ಮಿಲಿಮೀಟರ್ ವ್ಯಾಸದ ರಂಧ್ರದಲ್ಲಿ 100 ಡಿಗ್ರಿ ಸೆಲ್ಸಿಯಸ್ ಶಾಖ ಏರಿದರೆ ದೊರೆಯುವ ಬಿಡುವು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕಣ್ಣಿಗೆ ಕಾಣದ ಅಷ್ಟು ಬಿಡುವೇ ಸಾಕು. ಶಾಖ ಮಿತಿ ಮೀರಬಾರದು; ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಕೆ ಕೊಡದೆಯೇ ಕುಸಿದು ಕರಗುತ್ತದೆ. ನೀರಿನ ಹನಿ ಚುರ್ರೆಂದು ಆವಿಯಾಗುವಷ್ಟಾದರೆ ನಿಲ್ಲಿಸಬೇಕು. ಆಗ ಬುಡಕ್ಕೆ ಮೇಣದ ಬತ್ತಿಯನ್ನು ಮುಟ್ಟಿಸಿದರೆ ಮೇಣ ಕರಗಿ ಸಂದಿನೊಳಗೆ ಹರಿಯುತ್ತದೆ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬನು ಜ್ವಾಲೆಯನ್ನು ಹಿಡಿಯಬೇಕು, ಒಬ್ಬನು ತಿರುಗಿಸಬೇಕು. ತಾಯಿಯವರು ತಮ್ಮನನ್ನು ಕರೆಸಿದರು. ಅವನು ಬಂದು ಬ್ಲೋ ಲ್ಯಾಂಪ್ ಹಿಡಿದನು. ನಾನು ಸ್ಟಡ್ಡಿನ ಮೇಲೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಒತ್ತಿದೆ. ಕೂದಲೆಳೆಯಷ್ಟು ಕದಲಿತು. ಅಲ್ಲಿಗೆ ಎಳೆದುಬಿಡಬಾರದು, ಪುನಃ ಹಿಂದಕ್ಕೆ ಬಿಗಿಯಬೇಕು, ಪುನಃ ಬಿಚ್ಚಬೇಕು. ಮುಂದೆ ಎರಡು ಹೆಜ್ಜೆ, ಹಿಂದೆ ಒಂದು ಹೆಜ್ಜೆ. ಹೀಗೆ ಪುಡಿಯು ಚೂರುಚೂರಾಗಿ ಹೊರಬೀಳುತ್ತದೆ. “ಸಾಕು”, “ಇನ್ನಷ್ಟು”, “ತಡಿ” ಎಂಬ ಮೂರು ಮಾತುಗಳಲ್ಲಿ ನಾವಿಬ್ಬರೂ ಆ ದಿನವನ್ನು ಕಳೆದೆವು. ಆರು ವರ್ಷಗಳಲ್ಲಿ ನಾವು ಆಡಿದ ಮೊದಲ ಮಾತುಗಳು ಅವು.

ತುಕ್ಕಿನಿಂದ ಹೆಚ್ಚು ಸವೆದಿದ್ದ ಒಂದು ಸ್ಟಡ್ಡು ಮಾತ್ರ ಇಷ್ಟೆಲ್ಲ ಉಪಚಾರದ ಮೇಲೂ ಕವಚದ ಮಟ್ಟಕ್ಕೇ ತುಂಡಾಯಿತು. ಆ ತುಂಡಿನ ಮೇಲೆ ನಟ್ಟೊಂದನ್ನಿರಿಸಿ ವೆಲ್ಡಿಂಗ್ ಮಾಡಿಸಿದೆವು. ಬೆಸುಗೆಯ ಬಿಸಿ ಒಳಗಿನ ತುದಿಯವರೆಗೆ ಹೋಗಿ, ಆರಿದ ಬಳಿಕ ಅದೂ ತಿರುಗಿ ಹೊರಬಂದಿತು. ಮುರಿದುದಕ್ಕೂ ಉಪಾಯವಿದೆ. ಉಪಾಯವಿಲ್ಲದಿರುವುದು ಒಡೆದ ಕವಚಕ್ಕೆ.

ತಮ್ಮನೊಡನೆ ಪಾಲಿನ ವಿಷಯ ಅಂದು ಇತ್ಯರ್ಥವಾಯಿತೆಂದು ನಾನು ಹೇಳಲಾರೆ. ಅದು ಇಂದಿಗೂ ಪೂರ್ತಿ ತೀರಿಲ್ಲ. ಆದರೆ ಅವನು ನನ್ನ ವೈರಿಯಲ್ಲ, ನಾನು ಅವನ ವೈರಿಯಲ್ಲ, ನಮ್ಮಿಬ್ಬರ ನಡುವೆ ಬೆಳೆದ ಮೂರನೆಯದೊಂದಿದೆ ಎಂಬ ಅರಿವು ನನಗಂತೂ ಉಂಟಾಯಿತು. ಪ್ರತಿ ಸೋಮವಾರ ಅವನು ಬರುತ್ತಾನೆ. ತಾಯಿಯವರೊಡನೆ ನಾವಿಬ್ಬರೂ ಪ್ರಸಾದ ಸ್ವೀಕರಿಸುತ್ತೇವೆ. ಹಿಂದಕ್ಕೊಂದು ಹೆಜ್ಜೆ ಬಿದ್ದ ದಿನಗಳೂ ಉಂಟು.

ಮನೆಯಲ್ಲಿ ಮಗನನ್ನೋ ಸೊಸೆಯನ್ನೋ ತಿದ್ದಲು ಹೊರಟ ಹಿರಿಯರು ಇದನ್ನು ನೆನೆಯಬೇಕೆಂದು ಬಿನ್ನಹ. ದೋಷವನ್ನು ಕಳೆಯುವ ಭರದಲ್ಲಿ ಮನುಷ್ಯನನ್ನು ಒಡೆದರೆ ಕಳೆದುದೇನು, ಉಳಿದುದೇನು?

ಹೊಸ ಸ್ಟಡ್ಡನ್ನು ಕೂರಿಸುವಾಗ ಅದರ ಥ್ರೆಡ್ಡಿಗೆ ಹಿಡಿತ ಕಟ್ಟದಂತೆ ತಡೆಯುವ ಲೇಪವನ್ನು ಸವರುವುದು ವಾಡಿಕೆ. ತೇವ ಒಳಸೇರದಿರಲಿ, ಮುಂದೊಂದು ದಿನ ಬಿಚ್ಚಲು ಬರಲಿ ಎಂಬುದೇ ಅದರ ಉದ್ದೇಶ. ನಿತ್ಯ ಲಿಂಗಪೂಜೆಯೂ ಹಾಗೆಯೇ ಎಂದು ನನ್ನ ತಿಳಿವಳಿಕೆ. ಒಮ್ಮೆ ದೀಕ್ಷೆಯಾಯಿತೆಂದು ಕೈಬಿಟ್ಟರೆ ಕೊಟ್ಟಿಗೆಯ ತೇವ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ದಿನವೂ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿಯಿಡುವ ಆ ಸ್ವಲ್ಪ ಹೊತ್ತು, ಅಂಗಕ್ಕೂ ಲಿಂಗಕ್ಕೂ ನಡುವೆ ಬೇರೇನೂ ಬೆಳೆಯದಂತೆ ಕಾಯುತ್ತದೆ.