ಅಮ್ಮನಿಗೆ ಯಾವ ಕುಸ್ತಿ ತೋರಿಸಲಿ?

"ನನ್ನ ಟಿಕೆಟ್ ಸ್ವಲ್ಪ ಬೇಗದ ದಿನಕ್ಕೆ ಮಾಡಿಸ್ಲಿಕ್ಕೆ ಆಗ್ತದಾ ಮಗಾ?"

ಅಮ್ಮ ಮೆಕ್ಸಿಕೊ ಸಿಟಿಗೆ ಬಂದು ಅವತ್ತಿಗೆ ಹದಿನೇಳು ದಿನ. ಬಂದಿದ್ದು ಎರಡು ತಿಂಗಳಿಗೆ. ಅಪ್ಪ ಹೋದ ಮೇಲೆ ಪುತ್ತೂರಿನ ಮನೆಯಲ್ಲಿ ಒಬ್ಬಳೇ ಇದ್ದವಳನ್ನು ಒತ್ತಾಯ ಮಾಡಿ ಕರೆಸಿಕೊಂಡಿದ್ದೆವು. ಬೆಳಗ್ಗೆ ನಾನು, ಹೆಂಡತಿ ಇಬ್ಬರೂ ಆಫೀಸಿಗೆ ಹೊರಟರೆ ಅವಳಿಗೆ ಮಾತಾಡಲು ಜನ ಇಲ್ಲ. ಟಿವಿ ಹಾಕಿದರೆ ಸ್ಪ್ಯಾನಿಷ್. ಸಮುದ್ರ ಮಟ್ಟದಿಂದ 2,240 ಮೀಟರ್ ಎತ್ತರದ ಊರು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಪಿರಮಿಡ್ ತೋರಿಸಿದೆವು, ಮ್ಯೂಸಿಯಂ ತೋರಿಸಿದೆವು. "ಚಂದ ಉಂಟು" ಅಂದಳು, ಅಷ್ಟೇ. ಮನೆಗೆ ಬಂದು ಮತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತಳು.

ಆ ರಾತ್ರಿ ನನ್ನ ತಲೆಗೆ ಬಂದ ಐಡಿಯಾ ಕೇಳಿ ಹೆಂಡತಿ ನಕ್ಕೇಬಿಟ್ಟಳು. "ಅತ್ತೆಯನ್ನ ಕುಸ್ತಿಗೆ ಕರ್ಕೊಂಡು ಹೋಗ್ತೀಯಾ? ತಲೆ ಸರಿ ಇದೆ ತಾನೇ?"

ನಗಲು ಕಾರಣ ಇತ್ತು. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ಎದುರು ಬೆಳೆದ ಹುಡುಗರಿಗೆ ಹೇಳಬೇಕಾಗಿಲ್ಲ, ನಮಗೆಲ್ಲ ಡಬ್ಲ್ಯೂಡಬ್ಲ್ಯೂಎಫ್ ಹುಚ್ಚು. ಎದೆ ಸುತ್ತಳತೆ, ತೂಕ, ರ‍್ಯಾಂಕ್ ಬರೆದಿರುತ್ತಿದ್ದ ಟ್ರಂಪ್ ಕಾರ್ಡುಗಳನ್ನು ಶಾಲೆಯ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಓಡಾಡಿದವರು ನಾವು. ಅಂಡರ್‌ಟೇಕರ್ ಬಂದ ಕೂಡಲೇ ಅಮ್ಮ ಟಿವಿ ಆಫ್ ಮಾಡುತ್ತಿದ್ದಳು. "ಒಬ್ಬರು ಇನ್ನೊಬ್ಬರಿಗೆ ಹೊಡೆಯುವುದನ್ನ ನೋಡ್ಲಿಕ್ಕೆ ಎಂತ ಉಂಟು?" ಒಮ್ಮೆ ನನ್ನ ಕಾರ್ಡಿನ ಕಟ್ಟು ನೀರೊಲೆಗೇ ಹೋಗಿತ್ತು.

ಹೆಂಡತಿ ನಗಲು ಇನ್ನೊಂದು ಕಾರಣವೂ ಇತ್ತು. ಅವಳನ್ನು ಒಮ್ಮೆ ಕರೆದುಕೊಂಡು ಹೋಗಿ ನಾನು ಕೆಡಿಸಿಟ್ಟಿದ್ದೆ.

ನನ್ನ ಮೊದಲ ತಪ್ಪು

ಮೆಕ್ಸಿಕೊದ ಕುಸ್ತಿಗೆ 'ಲೂಚಾ ಲಿಬ್ರೆ' ಅನ್ನುತ್ತಾರೆ. 1933ರಲ್ಲಿ ಸಾಲ್ವಡೋರ್ ಲುತ್ತೆರೋತ್ ಎಂಬವರು ಶುರು ಮಾಡಿದ ಸಂಸ್ಥೆ ಇವತ್ತಿಗೂ ಸಿಎಂಎಲ್‌ಎಲ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅದರ ದೊಡ್ಡ ಮನೆ 'ಅರೆನಾ ಮೆಹಿಕೊ'. 1956ರಲ್ಲಿ ತೆರೆದ, ಹದಿನಾರು ಸಾವಿರಕ್ಕೂ ಹೆಚ್ಚು ಜನ ಕೂರುವ ಸಭಾಂಗಣ. 1968ರ ಒಲಿಂಪಿಕ್ಸ್‌ನ ಬಾಕ್ಸಿಂಗ್ ನಡೆದದ್ದೂ ಇಲ್ಲೇ. ಇರುವುದು 'ದೊಕ್ತೋರೆಸ್' ಎಂಬ ಬಡಾವಣೆಯಲ್ಲಿ. ಹೆಸರೇ ಹೇಳುವಂತೆ ಅಲ್ಲಿನ ಬೀದಿಗಳಿಗೆಲ್ಲ ಡಾಕ್ಟರುಗಳ ಹೆಸರು.

ಹೆಂಡತಿಗೆ ತೋರಿಸಲು ನಾನು ಆರಿಸಿದ್ದು ಶುಕ್ರವಾರದ ರಾತ್ರಿ. ವಾರದ ದೊಡ್ಡ ಪ್ರದರ್ಶನ ಅದು. ತಿಂಗಳುಗಳಿಂದ ನಡೆಯುತ್ತಿದ್ದ ಎರಡು ಬಣಗಳ ಜಗಳ ಅವತ್ತು ತೀರ್ಮಾನಕ್ಕೆ ಬರುವುದಿತ್ತು. ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ದುಡ್ಡು ಉಳಿಸಲು ಮೇಲಿನ ಸೀಟು ತೆಗೆದುಕೊಂಡೆ. ಅಲ್ಲಿಂದ ಕುಸ್ತಿಪಟುಗಳು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಕಾಣದ್ದನ್ನು ಬಾಯಿಮಾತಿನಲ್ಲಿ ತುಂಬಿಕೊಟ್ಟೆ. ಅವನು ಇವನಿಗೆ ಹೋದ ವರ್ಷ ಏನು ಮಾಡಿದ, ಇವನ ಗುರು ಯಾರು, ಈ ಪಟ್ಟಿನ ಹೆಸರೇನು ಅಂತ ಎರಡೂವರೆ ಗಂಟೆ ನನ್ನ ಬಾಯಿ ಮುಚ್ಚಲಿಲ್ಲ.

ಹೊರಗೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ನೀನು ಕುಸ್ತಿ ತೋರಿಸ್ಲಿಲ್ಲ, ಪರೀಕ್ಷೆಗೆ ಪಾಠ ಮಾಡಿದೆ. ಇನ್ನೊಮ್ಮೆ ಕರೀಬೇಡ."

ಬೇಜಾರಾಯಿತು. ಆದರೆ ಯೋಚಿಸಿದಾಗ ಅವಳು ಹೇಳಿದ್ದು ಸರಿಯೇ ಅನ್ನಿಸಿತು. ನಾನು ಆರಿಸಿದ್ದು ನನಗೆ ಇಷ್ಟವಾಗುವ ದಿನವನ್ನು, ಅವಳಿಗೆ ಅರ್ಥವಾಗುವ ದಿನವನ್ನಲ್ಲ.

ಯಾವ ದಿನ? ಯಾವ ಸೀಟು?

ಹಾಗಾಗಿ ಅಮ್ಮನ ವಿಷಯದಲ್ಲಿ ಈ ಸಲ ಪ್ರಾಜೆಕ್ಟ್ ಪ್ಲಾನ್ ಮಾಡಿದ ಹಾಗೆ ಕೂತು ಯೋಚಿಸಿದೆ.

ಸೆಪ್ಟೆಂಬರಿನ ವಾರ್ಷಿಕೋತ್ಸವದ ವಿಡಿಯೊ ಮೊದಲು ತೋರಿಸಿಬಿಡಲೇ ಅನ್ನಿಸಿತು. ಮುಖವಾಡ ಪಣಕ್ಕಿಡುವ ಪಂದ್ಯಗಳು ಬರುವುದು ಆಗಲೇ. ಸೋತವನು ಎಲ್ಲರೆದುರು ಮುಖವಾಡ ತೆಗೆದು ತನ್ನ ನಿಜವಾದ ಹೆಸರು ಹೇಳಬೇಕು. 2014ರಲ್ಲಿ ಉಲ್ತಿಮೊ ಗೆರ್ರೇರೊ ಎಂಬ ದೊಡ್ಡ ಕುಸ್ತಿಪಟು ಅಟ್ಲಾಂಟಿಸ್ ಎದುರು ಸೋತು ಹಾಗೆ ಮುಖ ತೋರಿಸಿದ ವಿಡಿಯೊ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆದರೆ ಆ ಮುಖವಾಡವನ್ನು ವರ್ಷಗಟ್ಟಲೆ ನೋಡದೇ ಇದ್ದವರಿಗೆ ಅದು ಕಳಚಿದರೆ ಏನನ್ನಿಸೀತು? ಕಾದಂಬರಿಯ ಕೊನೇ ಅಧ್ಯಾಯ ಮೊದಲು ಓದಿಸಿದ ಹಾಗೆ. ಅದು ಬೇಡ.

ಶುಕ್ರವಾರ ರಾತ್ರಿ ಎಂಟೂವರೆಗೆ ಶುರು, ಮುಗಿಯುವಾಗ ತಡ. ಜನರ ಬೈಗುಳವೂ ಆವತ್ತು ಜೋರು. ಭಾಷೆ ಬಾರದಿದ್ದರೂ ಬೈಗುಳ ಯಾವುದೆಂದು ಅಮ್ಮನಿಗೆ ಗೊತ್ತಾಗುತ್ತದೆ. ಅದೂ ಬೇಡ. ಹಳೇ ಪೇಟೆಯಲ್ಲಿ 1943ರ 'ಅರೆನಾ ಕೊಲಿಸೆಯೊ' ಇದೆ. ಚಿಕ್ಕದು, ಆಪ್ತವಾದದ್ದು, ನನಗೆ ಬಹಳ ಇಷ್ಟ. ಆದರೆ ನಮ್ಮ ಮನೆಯಿಂದ ದೂರ, ಶನಿವಾರದ ಆ ಪೇಟೆಯ ನೂಕುನುಗ್ಗಲಲ್ಲಿ ಅಮ್ಮನನ್ನು ನಡೆಸುವುದು ಕಷ್ಟ.

ಉಳಿದದ್ದು ಅರೆನಾ ಮೆಹಿಕೊದ ಭಾನುವಾರ. ಸಂಜೆ ಐದಕ್ಕೆ ಶುರು. ಹೆಸರಾಂತ ಜಗಳ ಯಾವುದೂ ಇರುವುದಿಲ್ಲ. ಅಭಿಮಾನಿಗಳ ಲೆಕ್ಕದಲ್ಲಿ ಸಾಮಾನ್ಯ ದಿನ. ಆದರೆ ಮಕ್ಕಳು, ಅಜ್ಜಿಯರು, ಇಡೀ ಕುಟುಂಬಗಳು ಬರುತ್ತವೆ. ಹಿಂದಿನ ಕಥೆ ಗೊತ್ತಿರಬೇಕಾಗಿಲ್ಲ. ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂದು ಪಕ್ಕದಲ್ಲಿ ಕೂತ ಆರು ವರ್ಷದ ಮಗುವೇ ಕಿರುಚಿ ಹೇಳುತ್ತದೆ.

ಸೀಟು ಕೆಳಗಿನ ವಿಭಾಗದಲ್ಲಿ, ಏಳನೇ ಸಾಲು. ತೀರಾ ಮುಂದಿನ ಸಾಲು ಬೇಡ. ಕುಸ್ತಿಪಟುಗಳು ಹಗ್ಗದಾಚೆ ಹಾರಿದರೆ ಬಂದು ಬೀಳುವುದು ಅಲ್ಲೇ. ಮತ್ತು ಮುಖ್ಯವಾದ ನಿಯಮ: ನಾನು ಬಾಯಿ ಮುಚ್ಚಿಕೊಂಡಿರುವುದು. ಅಮ್ಮನಿಗೆ ಎರಡೇ ಪದ ಹೇಳಿಕೊಡುವುದು. 'ಟೆಕ್ನಿಕೊ' ಅಂದರೆ ನಿಯಮ ಪಾಲಿಸುವವನು. 'ರೂಡೊ' ಅಂದರೆ ಮೋಸ ಮಾಡುವವನು.

"ನಾನೂ ಬರ್ತೀನಿ. ಅತ್ತೆಗೆ ಜೊತೆ ಬೇಕಲ್ಲ" ಅಂದಳು ಹೆಂಡತಿ.

ಭಾನುವಾರ ಸಂಜೆ

ಮೆಟ್ರೊದಲ್ಲಿ ಹೋದೆವು. ಇಲ್ಲಿ ಪ್ರತಿ ಸ್ಟೇಷನ್ನಿಗೂ ಹೆಸರಿನ ಜೊತೆ ಒಂದು ಚಿತ್ರ ಇರುತ್ತದೆ. ನಾವು ಇಳಿಯಬೇಕಾದ ಕ್ವಾತೆಮೋಕ್ ಸ್ಟೇಷನ್ನಿಗೆ ಹದ್ದಿನ ತಲೆ. "ಹದ್ದು ಬಂತು, ಇಳಿಯಿರಿ" ಎಂದು ನಮಗಿಂತ ಮೊದಲು ಎದ್ದು ನಿಂತವಳು ಅಮ್ಮ. ಈ ಊರಿನಲ್ಲಿ ಅವಳು ತಾನಾಗಿ ದಾರಿ ಹೇಳಿದ್ದು ಅದೇ ಮೊದಲು.

ಅರೆನಾದ ಬೀದಿ ತುಂಬ ಮುಖವಾಡದ ಅಂಗಡಿಗಳು. ಬೆಳ್ಳಿ, ನೀಲಿ, ಚಿನ್ನದ ಬಣ್ಣ. ಜಾತ್ರೆಯ ಸಂತೆಯ ಹಾಗೆ. ಅಪ್ಪನ ಹೆಗಲ ಮೇಲೆ ಕೂತ ಮಕ್ಕಳೆಲ್ಲ ಆಗಲೇ ಮುಖವಾಡ ಹಾಕಿಕೊಂಡಿದ್ದವು. ನಿಂಬೆರಸ, ಖಾರದ ಪುಡಿ ಹಾಕಿದ ಕಡಲೆಬೀಜ ತೆಗೆದುಕೊಂಡೆವು. ಅಮ್ಮ ಒಂದು ಬಾಯಿಗೆ ಹಾಕಿ, "ಸ್ವಲ್ಪ ನೀರುಳ್ಳಿ ಹಾಕಿದ್ರೆ ನಮ್ಮ ಚರುಮುರಿಯವನದ್ದೇ" ಅಂದಳು.

ಮೊದಲ ಪಂದ್ಯದಲ್ಲಿ ಹೊಸ ಹುಡುಗರು. ಒಬ್ಬ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು ಬಿದ್ದ. ಅಮ್ಮ ತಲೆಯಾಡಿಸಿದಳು. "ಇದು ಪೂರ್ವರಂಗ. ಕೋಡಂಗಿ, ಬಾಲಗೋಪಾಲ ಎಲ್ಲ ಕಲಿಯುವ ಮಕ್ಕಳೇ ಕುಣಿಯುವುದಲ್ವಾ? ದೊಡ್ಡ ವೇಷಗಳು ಮತ್ತೆ ಬರುವುದು."

ನಾನು ಅವಳ ಮುಖ ನೋಡಿದೆ. ಯಕ್ಷಗಾನದ ಸುದ್ದಿ ಅವಳ ಬಾಯಲ್ಲಿ ಬಂದು ಎರಡು ವರ್ಷವಾಗಿತ್ತು. ಅಪ್ಪ ಇದ್ದಾಗ ಇಬ್ಬರೂ ಸುತ್ತಮುತ್ತ ಎಲ್ಲಿ ಆಟ ಆದರೂ ಹೋಗುತ್ತಿದ್ದರು. ಕಟೀಲು ಮೇಳದ 'ದೇವಿ ಮಹಾತ್ಮೆ'ಯನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕ ಇಲ್ಲ. ಅಪ್ಪ ಹೋದ ಮೇಲೆ ಅಮ್ಮ ಆಟಕ್ಕೆ ಹೋಗುವುದನ್ನೇ ಬಿಟ್ಟಿದ್ದಳು. ಯಾರು ಕರೆದರೂ "ನಿದ್ದೆಗೆಡ್ಲಿಕ್ಕೆ ಆಗುವುದಿಲ್ಲ" ಅನ್ನುತ್ತಿದ್ದಳು.

ಎರಡನೆಯದು ಮಹಿಳೆಯರ ಪಂದ್ಯ. ಹೆಂಡತಿ ಅಲ್ಲಿಯವರೆಗೆ ಫೋನ್ ನೋಡುತ್ತಿದ್ದವಳು ಒಂದು ಏಟಿನ ಸದ್ದಿಗೆ ತಲೆ ಎತ್ತಿದಳು. ಅಂಗೈ ಎದೆಗೆ ಬಿದ್ದರೆ ಏಳನೇ ಸಾಲಿಗೆ ಪಟಾಕಿಯಂತೆ ಕೇಳುತ್ತದೆ. "ಕೆಂಪಾಗಿದೆ ಕಣೋ, ನಿಜವಾಗ್ಲೂ ಕೆಂಪಾಗಿದೆ." 1986ರವರೆಗೆ ಈ ನಗರದಲ್ಲಿ ಹೆಂಗಸರ ಕುಸ್ತಿಗೆ ನಿಷೇಧ ಇತ್ತು ಅಂತಷ್ಟೇ ಹೇಳಿದೆ. ಆಮೇಲೆ ಫೋನು ಚೀಲಕ್ಕೆ ಹೋಯಿತು.

ಕೊನೆಯ ಪಂದ್ಯ ಮೂವರಿಗೆ ಮೂವರು, ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕು. ಕಪ್ಪು ಮುಖವಾಡದ ದಪ್ಪನೆಯ ರೂಡೊ ಒಬ್ಬ ಬಂದ. ಬಂದವನೇ ಜನರನ್ನು ಬೈದ, ಒಂದು ಮಗುವಿನ ಎದುರು ನಿಂತು ಅಬ್ಬರಿಸಿದ, ಎದೆ ಬಡಿದುಕೊಂಡ. ಇಡೀ ಸಭೆ ಹೋ ಎಂದಿತು. ಅಮ್ಮ ಮುಂದಕ್ಕೆ ಬಾಗಿದಳು.

"ಇದು ಬಣ್ಣದ ವೇಷ! ಮಹಿಷಾಸುರ ದೊಂದಿ ಹಿಡಿದುಕೊಂಡು ಜನರ ಹಿಂದಿನಿಂದ ಬರುವುದು ಹೀಗೇ."

ಆಮೇಲೆ ಅವಳ ಕಣ್ಣು ಅವನ ಮೇಲೇ. ಟೆಕ್ನಿಕೊ ಒಬ್ಬ ಹಗ್ಗದ ಮೇಲಿಂದ ಗಾಳಿಯಲ್ಲಿ ತಿರುಗಿ ಹಾರಿದಾಗ ಎಲ್ಲರೂ ಹಾರಿದವನಿಗೆ ಚಪ್ಪಾಳೆ ಹೊಡೆದರೆ ಅಮ್ಮ ಮಾತ್ರ, "ಹಿಡಿದುಕೊಂಡವನನ್ನ ನೋಡು ಮಾರಾಯ. ಬೆನ್ನಿಗೆ ಕೈ ಕೊಟ್ಟ. ಕೊಡದಿದ್ರೆ ಆ ಹುಡುಗನ ಸೊಂಟ ಉಳೀತಿತ್ತಾ?" ಅಂದಳು. ಇಷ್ಟು ವರ್ಷ ನೋಡಿದ ನಾನು ಹಾರುವವರನ್ನೇ ನೋಡಿದ್ದೆ.

"ಇದೆಲ್ಲ ಮೊದಲೇ ಮಾತಾಡಿಕೊಂಡು ಮಾಡೋದು ಅತ್ತೆ" ಎಂದಳು ಹೆಂಡತಿ, ನನ್ನ ಕಡೆ ಕಣ್ಣು ಮಿಟುಕಿಸಿ.

"ಆಟದಲ್ಲಿ ಮಹಿಷಾಸುರ ಸಾಯ್ತಾನೆ ಅಂತ ನಮಗೆ ಗೊತ್ತಿಲ್ವಾ ಮಗಳೇ? ಗೊತ್ತಿದ್ದೇ ಬೆಳಗಿನವರೆಗೆ ಕೂರುವುದು. ಅವನು ಗಟ್ಟಿ ಇದ್ರೆ ಮಾತ್ರ ದೇವಿಗೂ ಕಳೆ."

ಕೊನೆಯ ಸುತ್ತಿನಲ್ಲಿ ಆ ರೂಡೊ ಎದುರಾಳಿಯ ಮುಖವಾಡಕ್ಕೇ ಕೈ ಹಾಕಿ ಎಳೆದ. ಹಾಗೆ ಮಾಡಿದರೆ ಸೋಲು, ಅದು ನಿಯಮ. ಆದರೂ ಎಳೆದ. ಬಿದ್ದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸಹಾಯಕ ಓಡಿ ಬಂದು ಟವೆಲ್ ಹೊದಿಸಿದ. ಅಮ್ಮ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಿದ್ದಳು. ಯಾಕೆ ಅಂತ ನಾನು ವಿವರಿಸಬೇಕಾಗಿ ಬರಲಿಲ್ಲ.

ಬೆಳ್ಳಿ ಮುಖವಾಡದವನು

ಕತ್ತಲಾದ್ದರಿಂದ ವಾಪಸು ಟ್ಯಾಕ್ಸಿಯಲ್ಲಿ ಬಂದೆವು. ದಾರಿಯಲ್ಲಿ ಎಲ್ ಸಾಂಟೊ ಕಥೆ ಹೇಳಿದೆ. 1942ರಿಂದ ನಾಲ್ಕು ದಶಕ ಬೆಳ್ಳಿ ಮುಖವಾಡದಲ್ಲೇ ಕುಸ್ತಿ ಆಡಿ, ಐವತ್ತಕ್ಕೂ ಹೆಚ್ಚು ಸಿನಿಮಾ ಮಾಡಿದವನು. 1984ರಲ್ಲಿ ಒಂದು ಟಿವಿ ಕಾರ್ಯಕ್ರಮದಲ್ಲಿ ಮುಖವಾಡ ಸ್ವಲ್ಪ ಸರಿಸಿ ಮುಖ ತೋರಿಸಿದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನನ್ನು ಮಣ್ಣು ಮಾಡಿದ್ದು ಮುಖವಾಡದ ಜೊತೆಗೇ. ಮೆಕ್ಸಿಕೊ ನಗರ 2018ರಲ್ಲಿ ಲೂಚಾ ಲಿಬ್ರೆಯನ್ನು ತನ್ನ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿನ್ನ ಅಪ್ಪ ಇದ್ದಿದ್ರೆ ಚೌಕಿ ಎಲ್ಲಿ ಅಂತ ಹುಡುಕಿಕೊಂಡು ಹೋಗ್ತಿದ್ರು. ವೇಷ ಕಳಚುವುದನ್ನ ನೋಡ್ಲಿಕ್ಕೆ ಅವರಿಗೆ ಯಾವಾಗ್ಲೂ ಆಸೆ. ನನಗೆ ಅದು ಆಗುವುದಿಲ್ಲ" ಅಂದಳು.

ಆಮೇಲೆ ಮೂರು ಭಾನುವಾರ ಹೋದೆವು. ಅಮ್ಮನಿಗೆ ಇಲ್ಲಿ ಬೇಜಾರು ಪೂರ್ತಿ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಟಿಕೆಟ್ಟನ್ನು ಕೊನೆಗೂ ಒಂದು ವಾರ ಬೇಗದ್ದಕ್ಕೇ ಮಾಡಿಸಿದೆವು. ಆದರೆ ಈ ಸಲ ಕಾರಣ ಬೇರೆ: "ಮೇಳ ತಿರುಗಾಟಕ್ಕೆ ಹೊರಡುವ ಹೊತ್ತಿಗೆ ನಾನು ಊರಲ್ಲಿ ಇರ್ಬೇಕು."

ನೀವೂ ಯಾರನ್ನಾದರೂ ಮೊದಲ ಸಲ ಕುಸ್ತಿಗೆ ಕರೆದುಕೊಂಡು ಹೋಗುವುದಾದರೆ ಅತಿ ದೊಡ್ಡ ಪಂದ್ಯ ಹುಡುಕಬೇಡಿ. ಸಾಮಾನ್ಯ ದಿನ, ಹತ್ತಿರದ ಸೀಟು, ಸುತ್ತ ಮಕ್ಕಳು, ಒಬ್ಬ ಒಳ್ಳೆಯ ಕೆಟ್ಟವನು. ಇಷ್ಟು ಸಾಕು. ಉಳಿದದ್ದನ್ನು ಅವರು ತಮ್ಮ ಊರಿನಿಂದಲೇ ತಂದಿರುತ್ತಾರೆ.

ಡಿಸೆಂಬರಿನಲ್ಲಿ ವಾಟ್ಸ್‌ಆ್ಯಪ್‌ಗೆ ಅಮ್ಮನ ಒಂದು ವಾಯ್ಸ್ ಮೆಸೇಜ್ ಬಂತು. ಚೆಂಡೆಯ ಸದ್ದಿನ ನಡುವೆ ಅವಳ ಮಾತು ಅರ್ಧಂಬರ್ಧ ಕೇಳುತ್ತಿತ್ತು: "ಮಹಿಷಾಸುರ ಈಗ ಬಂದ ಮಗಾ. ಪರವಾಗಿಲ್ಲ. ಆದ್ರೆ ನಮ್ಮ ಆ ಕಪ್ಪು ಮುಖವಾಡದವನ ಅಬ್ಬರ ಇಲ್ಲ."