ಶಾಮೋನಿಗೆ ಎರಡನೆಯ ಸಲ

2007ರಲ್ಲಿ ನಾವು ಪ್ರವಾಸ ಕಂಪನಿಯ ಬಸ್ಸಿನಲ್ಲಿ ಯುರೋಪು ನೋಡಿ ಬಂದವರು. ಅಡಿಗೆಯವನನ್ನು ಕಂಪನಿಯೇ ಕರೆತಂದಿದ್ದರಿಂದ ಉಳ್ಳಾಗಡ್ಡಿ, ಬಟಾಟೆಯ ಚಿಂತೆ ಇರಲಿಲ್ಲ. ಫ್ರಾನ್ಸಿನ ಶಾಮೋನಿ ಊರಿಗೆ ಸಿಕ್ಕದ್ದು ಅರ್ಧ ದಿನ. ಹಲ್ಲುಗಾಲಿಯ ರೈಲಿನಲ್ಲಿ ಮೇಲೆ ಹೋಗಿ, ಹಿಮನದಿ ನೋಡಿ, ಫೋಟೋ ತೆಗೆಸಿಕೊಂಡು ಬಸ್ಸು ಹತ್ತಿದೆವು. ಆ ಊರಿಗೆ ಮತ್ತೆ ಹೋಗುತ್ತೇವೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಹೋಗುವಂತೆ ಮಾಡಿದವಳು ಬೆಂಗಳೂರಿನಲ್ಲಿರುವ ಮಗಳು. ಅವಳಿಗೆ ಗುಡ್ಡದ ಕಾಲುದಾರಿಯಲ್ಲಿ ಓಡುವ ಹುಚ್ಚು. ಮಾಂ ಬ್ಲಾಂ ಪರ್ವತದ ಸುತ್ತ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶ ಹಾಯ್ದು ಸುಮಾರು 170 ಕಿ.ಮೀ. ಓಡುವ ಯು.ಟಿ.ಎಂ.ಬಿ. ಎಂಬ ಸ್ಪರ್ಧೆ 2003ರಿಂದ ನಡೆದಿದೆ. ಪರ್ವತಕ್ಕೆ ಒಂದು ಪ್ರದಕ್ಷಿಣೆಯೇ ಅನ್ನಿ. ಅದೇ ವಾರದಲ್ಲಿ ಚಿಕ್ಕ ಓಟಗಳೂ ಇರುತ್ತವೆ. ಅವುಗಳಲ್ಲಿ ಒಂದಾದ ಓ.ಸಿ.ಸಿ.ಗೆ ಮಗಳ ಹೆಸರು 2024ರಲ್ಲಿ ಚೀಟಿ ಎತ್ತಿದಾಗ ಬಂತು. ಚಿಕ್ಕದೆಂದರೂ 55 ಕಿ.ಮೀ.ಗೆ ಮೇಲೆ, ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 3,500 ಮೀಟರು. ಶಿಖರ್ಜಿಯ ವಂದನೆ 27 ಕಿ.ಮೀ., ಅದನ್ನು ಮುಗಿಸಿ ನಾವು ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಖರ್ಚಿನ ಲೆಕ್ಕ ಹಾಕಿ ನಾವು ಬೇಡವೆಂದೆವು. ನಮ್ಮ ಮನೆಯವರು ಮಾತ್ರ, "ಅಕಿ ಒಬ್ಬಾಕಿನ್ನ ಕಳಸೋದು ಬ್ಯಾಡ್ರಿ, ನಾವೂ ಹೋಗೂಣು" ಅಂದರು. ವೀಸಾ ಕೈಗೆ ಬಂದ ಮೇಲೆ ನಮ್ಮ ಬಾಯಿ ಮುಚ್ಚಿತು.

ಈ ಸಲ ಹೋಟೆಲ್ಲಲ್ಲ, ವಿದ್ಯುತ್ ಒಲೆ ಇದ್ದ ಒಂದು ಚಿಕ್ಕ ಮನೆಯನ್ನೇ ಒಂದು ವಾರಕ್ಕೆ ಹಿಡಿದೆವು. ಮೊದಲು ಹೋದದ್ದು ಹಿಮನದಿಗೆ. ಮೊಂಟೆನ್ವೇರ್ ನಿಲ್ದಾಣ 1,913 ಮೀಟರು ಎತ್ತರದಲ್ಲಿದೆ. ರೈಲು ಅಲ್ಲಿಗೆ 1909ರಿಂದ ಓಡುತ್ತಿದೆ. ಇಳಿದು ಕೆಳಗೆ ನೋಡಿದರೆ ಬರೀ ಬೂದು ಕಲ್ಲಿನ ರಾಶಿ. ಹಿಮ ಎಲ್ಲಿ ಎಂದು ಹುಡುಕಬೇಕಾಯಿತು. ಯಾವ ಇಸವಿಯಲ್ಲಿ ಹಿಮದ ಮಟ್ಟ ಎಲ್ಲಿತ್ತೆಂದು ಬಂಡೆಗಳ ಮೇಲೆ ಫಲಕ ಹಾಕಿದ್ದಾರೆ. ಹಿಮ ಕುಗ್ಗಿದಂತೆ ಮೆಟ್ಟಿಲು ಕೂಡಿಸುತ್ತ ಹೋಗಿ ಐದುನೂರರ ಮೇಲೆ ಆಗಿದ್ದವಂತೆ. ಕೊನೆಗೆ 2024ರಲ್ಲಿ ಕಣಿವೆಯ ಮೇಲ್ಭಾಗಕ್ಕೆ ಹೊಸ ತೂಗುಗಾಡಿಯನ್ನೇ ಹಾಕಿದರು. ನಾವು 2007ರಲ್ಲಿ ನಿಂತ ಜಾಗ ಯಾವುದೆಂದು ಹಳೆಯ ಫೋಟೋ ಹಿಡಿದು ನೋಡಿದೆವು. ಅಲ್ಲೀಗ ಗಾಳಿ ಮಾತ್ರ. ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಅಪ್ಕಾಯ ಜೀವಗಳೆಂದು ನೀರನ್ನು ಸೋಸಿ ಲೆಕ್ಕ ಹಾಕಿ ಬಳಸುವ ಮನೆಯಲ್ಲಿ ಬೆಳೆದವರು ಅವರು.

ಓಟದ ಹಿಂದಿನ ದಿನ ಮನೆಯಲ್ಲಿ ಜಗಳವೇ ಆಯಿತು. ಮಗಳದು ರಾತ್ರಿ ಭೋಜನ ತ್ಯಾಗದ ವ್ರತ, ನೀರೂ ಸೇರಿ. ಓಟ ಬೆಳಿಗ್ಗೆ ಎಂಟೂಕಾಲಿಗೆ ಸ್ವಿಟ್ಜರ್ಲೆಂಡಿನ ಓರ್ಸಿಯೇರ್‌ನಿಂದ ಶುರು. ಆಗಸ್ಟ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂಕಾಲರ ಸುಮಾರಿಗೆ. ಹನ್ನೆರಡು ತಾಸಿನೊಳಗೆ ಮುಗಿಸಿದರೆ ಸರಿ, ಇಲ್ಲದಿದ್ದರೆ? ನೀರಿಲ್ಲದೆ ಕತ್ತಲಲ್ಲಿ ಗುಡ್ಡ ಇಳಿಯುವುದು ಧರ್ಮವಲ್ಲ ಎಂದೆವು. "ಮಾತು ಕೊಟ್ಟದ್ದು ಓಟಕ್ಕಿಂತ ದೊಡ್ಡದು" ಎಂದು ಅವರಮ್ಮ. ಮಗಳು ಚೀಲ ಕಟ್ಟುತ್ತ, "ಅಪ್ಪಾ, ಬೆಳಕಿರೋದರೊಳಗ ಬರ್ತೀನಿ. ಆಗಲಿಲ್ಲಂದ್ರ ನೀರು ಕುಡೀತೀನಿ, ಊರಿಗೆ ಹೋಗಿ ಮಹಾರಾಜರ ಹತ್ತಿರ ಪ್ರಾಯಶ್ಚಿತ್ತ ತಗೋತೀನಿ" ಅಂದಳು. ಅವರಮ್ಮ ಎದ್ದು ಅಡಿಗೆ ಮನೆಗೆ ಹೋದರು.

ಚೀಲದಲ್ಲಿ ತಲೆಗೆ ಕಟ್ಟುವ ದೀಪ, ಸೀಟಿ, ಮಳೆಯಂಗಿ, ಮೈಗೆ ಸುತ್ತಿಕೊಳ್ಳುವ ಬೆಳ್ಳಿ ಬಣ್ಣದ ಹಾಳೆ ಇರಲೇಬೇಕು. ಕುಡಿಯುವ ಲೋಟವನ್ನೂ ತಾವೇ ಒಯ್ಯಬೇಕು. ದಾರಿಯಲ್ಲಿ ಕಾಗದದ ಲೋಟ ಕೊಡುವುದಿಲ್ಲ. ಈ ನಿಯಮ ನಮಗೆ ಬಹಳ ಹಿಡಿಸಿತು. ದಾರಿಯ ಠಾಣ್ಯಗಳಲ್ಲಿ ಇಡುವ ಸೂಪಿನಲ್ಲಿ ಏನಿರುತ್ತದೋ ಎಂದು ಮಗಳು ಬಾಳೆಹಣ್ಣು, ಕಿತ್ತಳೆಯಷ್ಟೇ ಮುಟ್ಟುವವಳು. ಉಳಿದದ್ದು ಸೊಲ್ಲಾಪುರದಿಂದ ತಂದ ಶೇಂಗಾ ಹೋಳಿಗೆ.

ಗುರುವಾರ ನಾವಿಬ್ಬರೂ ರೈಲಿನಲ್ಲಿ ಅರ್ಜಾಂತಿಯೇರ್ ಹಳ್ಳಿಗೆ ಹೋಗಿ ದಾರಿಯಂಚಿನಲ್ಲಿ ನಿಂತೆವು. ಓಟಗಾರರು ಬಾಲ್ಮ್ ಎಂಬ ಘಾಟು ದಾಟಿ ಸ್ವಿಟ್ಜರ್ಲೆಂಡಿನಿಂದ ಫ್ರಾನ್ಸಿಗೆ ಇಳಿಯುತ್ತಾರೆ. ಅಲ್ಲಿ ಗಡಿಗೆ ಒಂದು ಕಲ್ಲು ನೆಟ್ಟಿದ್ದಾರೆ, ಅಷ್ಟೆ. ಅಕ್ಕಲಕೋಟೆಯಲ್ಲಿ ಜನ್ಮ ಕಳೆದು, ಗಡಿಯ ಮಾತು ಕೇಳಿ ಕೇಳಿ ಸಾಕಾದ ನಮಗೆ ಅದೊಂದು ಸೋಜಿಗ. ಗುರುತಿಲ್ಲದ ಜನ ಗಂಟೆ ಬಾರಿಸುತ್ತ, ಎದೆಯ ಮೇಲಿನ ಚೀಟಿ ಓದಿ ಹೆಸರು ಹಿಡಿದು ಕೂಗಿ ಹುರಿದುಂಬಿಸುತ್ತಿದ್ದರು. ನಾವೂ ಕಲಿತೆವು. ಐದೂವರೆಗೆ ಮಗಳು ಬಂದಳು. ಮುಖ ಬಿಳಿಚಿತ್ತು. ಗೊತ್ತುಮಾಡಿದ ಠಾಣ್ಯದ ಹೊರಗೆ ಓಟಗಾರರಿಗೆ ಏನನ್ನೂ ಕೊಡುವಂತಿಲ್ಲ. ಕೈಯಲ್ಲಿ ಖಿಚಡಿ ಡಬ್ಬಿ ಹಿಡಿದು ಸುಮ್ಮನೆ ನೋಡಿದೆವು. ಮುಂದೆ 1,877 ಮೀಟರಿನ ಫ್ಲೆಜೇರ್ ಏರಬೇಕು, ಆಮೇಲೆ ಶಾಮೋನಿಗೆ ಇಳಿಯಬೇಕು. ಬೆಳಕಿನಲ್ಲಿ ಆಗದ ಮಾತೆಂದು ಇಬ್ಬರಿಗೂ ತಿಳಿಯಿತು, ಯಾರೂ ಆಡಲಿಲ್ಲ.

ಶಾಮೋನಿಯ ಇಗರ್ಜಿಯ ಹತ್ತಿರ, ಓಟ ಮುಗಿಯುವಲ್ಲಿ ನಿಂತೆವು. ಎಂಟೂಕಾಲು ಆಯಿತು, ಎಂಟೂವರೆ ಆಯಿತು. ಕತ್ತಲಾದ ಮೇಲೆ ಬರುವವರ ಹಣೆಯ ದೀಪವಷ್ಟೇ ಕಾಣುತ್ತದೆ, ಮುಖವಿಲ್ಲ. ಪ್ರತಿ ದೀಪಕ್ಕೂ ಎದ್ದು ಕೂತೆವು. ನಮ್ಮ ಮನೆಯವರ ಕೈಯಲ್ಲಿ ಜಪಮಾಲೆ ತಿರುಗುತ್ತಲೇ ಇತ್ತು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಒಂದು ದೀಪ ನಮ್ಮ ಕಡೆಗೇ ತಿರುಗಿತು.

ಗೆರೆ ದಾಟಿದವಳು ಮೊದಲು ಅವರಮ್ಮನ ಮುಂದೆ ಕೂತಳು. "ಇಳಿಯೋ ಮುಂದ ತಲಿ ತಿರಗ್ತು ಅವ್ವಾ. ಎರಡು ಗುಟುಕು ನೀರು ಕುಡಿದೆ." ನಾವು ಉಸಿರು ಹಿಡಿದು ನಿಂತೆವು. ಅವರಮ್ಮ ಸೆರಗಿನಿಂದ ಮಗಳ ಮುಖ ಒರೆಸಿ, "ಛಲೋ ಮಾಡಿದಿ" ಅಂದರು. ಹಿಂದಿನ ದಿನದ ಜಗಳದಲ್ಲಿ ನಾವು ಗೆದ್ದೆವೆನ್ನಬೇಕು, ಆದರೆ ಗೆದ್ದಂತೆ ಅನ್ನಿಸಲಿಲ್ಲ.

ಖಿಚಡಿ ಡಬ್ಬಿಯನ್ನು ಆ ರಾತ್ರಿ ಯಾರೂ ತೆಗೆಯಲಿಲ್ಲ. ನಾವು ಉಂಡಿರಲಿಲ್ಲವೆಂಬುದು ಮಲಗುವಾಗ ನೆನಪಾಯಿತು. ಬೆಳಿಗ್ಗೆ ಮಗಳು ಕಿಟಕಿಯ ಹತ್ತಿರ ಕಾಲು ಚಾಚಿ ಕೂತು, ಸೂರ್ಯ ಹುಟ್ಟಿ ಎರಡು ಗಳಿಗೆ ಆಗುವವರೆಗೆ ಗಡಿಯಾರ ನೋಡಿದಳು. ಆಮೇಲೆ ಉಳಿದಿದ್ದ ಮೂರು ಹೋಳಿಗೆಗಳನ್ನು ಒಬ್ಬೊಬ್ಬರು ಒಂದೊಂದು ತಿಂದೆವು. ಜಿನೀವಾದ ಬಸ್ಸಿಗೆ ಇನ್ನೂ ಒಂದು ದಿನ ಇತ್ತು.