ನಮ್ಮೂರ ನೀರು – 4: ಹಲ್ಲಿನ ಮ್ಯಾಲಿನ ಕಂದು ಗೆರೆ

ಇಳಕಲ್ ಅಂದ್ರ ಎಲ್ಲಾರಿಗೂ ಸೀರೆ, ಕೆಂಪು ಗ್ರಾನೈಟ್ ನೆನಪಾಗ್ತಾವ. ನನಗ ನೆನಪಾಗೋದು ಹಲ್ಲು. ಹುನಗುಂದ, ಇಳಕಲ್ ಕಡೆ ಬೋರ್ ನೀರು ಕುಡಿದು ಬೆಳೆದ ಎಷ್ಟೋ ಮಂದಿ ಹಲ್ಲಿನ ಮ್ಯಾಲೆ ಕಂದು ಗೆರೆ ಐತಿ. ನನಗೂ ಐತಿ. "ಹಲ್ಲು ತಿಕ್ಕಂಗಿಲ್ಲೇನು?" ಅಂತ ಸಾಲ್ಯಾಗ ಕೇಳೋರು. ಫೋಟೋದಾಗ ಬಾಯಿ ಮುಚ್ಚಿ ನಗೋದು ಆವಾಗಿಂದ ರೂಢಿ ಆತು.

ಆ ಕಲೆಗೆ ಕಾರಣ ಫ್ಲೋರೈಡ್. ನೆಲದಾಳದ ಗ್ರಾನೈಟ್ ಕಲ್ಲಿನಿಂದ ನೀರಿನೊಳಗ ಕರಗಿ ಬರತೈತಿ. ಕುಡಿಯೋ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಸಣ್ಣ ಮಕ್ಕಳು ಕುಡಿದರೆ, ಹಲ್ಲು ಒಸಡಿನೊಳಗ ಬೆಳೆಯುವಾಗಲೇ ಕಲೆ ಕೂಡತೈತಿ. ಎಷ್ಟು ತಿಕ್ಕಿದರೂ ಹೋಗಂಗಿಲ್ಲ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಎಲುಬು, ಕೀಲು ಹಿಡೀತಾವ, ಬೆನ್ನು ಬಾಗತೈತಿ.

ಇದಕ್ಕ ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೂ ಹೋಗಂಗಿಲ್ಲ, ನೀರು ಆವಿಯಾದಷ್ಟು ಉಳಿದ ನೀರಿನಾಗ ಅದರ ಪ್ರಮಾಣ ಏರತೈತಿ. ಬಟ್ಟೆ ಒಗಿಯಾಕ, ಜಳಕಕ್ಕ ಬೋರ್ ನೀರು ನಡೀತೈತಿ. ಕುಡಿಯಾಕ, ಅಡಿಗಿಗೆ ಶುದ್ಧ ನೀರಿನ ಘಟಕದಿಂದ ಕೊಡ ತುಂಬ್ಕೊಂಡು ಬರ್ರಿ. ಘಟಕ ಕೆಟ್ಟು ನಿಂತಿದ್ರ ಪಂಚಾಯ್ತಿಗೆ ಹೋಗಿ ಕೇಳ್ರಿ.

ಮಗುವಿನ ಹಲ್ಲು ನೋಡಿ ಬೈಯೋಕಿಂತ ಮೊದಲು ಮನಿ ನೀರು ಪರೀಕ್ಷೆ ಮಾಡಿಸ್ರಿ. ನಿಮ್ಮೂರ ಬೋರ್ ನೀರು ಯಾವಾಗ ಟೆಸ್ಟ್ ಆಗಿತ್ತು? ಕಾಮೆಂಟ್‌ನಾಗ ಹೇಳ್ರಿ.

#ನಮ್ಮೂರನೀರು #ಬಾಗಲಕೋಟೆ #ಹುನಗುಂದ #ಇಳಕಲ್